ರೋಗಿ ಕೊಟ್ಟ ಮಾದರಿಯನ್ನು ಎಲ್ಲಿಡಬೇಕು? ಮೈಸೂರು, ಮಂಡ್ಯದ ಸಂಶೋಧಕರಿಗೆ ಒಂದು ಹೋಲಿಕೆ

ಮೈಸೂರು, ಮಂಡ್ಯದ ವೈದ್ಯಕೀಯ ಕಾಲೇಜುಗಳಲ್ಲಿ ಬಯೋಮಾರ್ಕರ್ (ರಕ್ತ, ಅಂಗಾಂಶಗಳಲ್ಲಿ ಅಳೆಯಬಹುದಾದ ರೋಗಸೂಚಕ ವಸ್ತು) ಸಂಶೋಧನೆಗೆ ಕೈ ಹಾಕಿದವರಿಗೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ರೋಗಿಗಳು ಕೊಟ್ಟ ಸೀರಮ್ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ದ್ರವ), ಪ್ಲಾಸ್ಮಾ (ಹೆಪ್ಪುಗಟ್ಟದಂತೆ ತಡೆದ ರಕ್ತದ ದ್ರವಭಾಗ), ಅಂಗಾಂಶದ ತುಣುಕುಗಳನ್ನು ಎರಡು ಮೂರು ವರ್ಷ, ಕೆಲವು ಸಲ ಹತ್ತು ವರ್ಷ, ಎಲ್ಲಿ ಇಡುವುದು? ವಿಭಾಗದಲ್ಲಿ ಈಗಾಗಲೇ ಇರುವ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನ ಡೀಪ್ ಫ್ರೀಜರ್ ಸಾಕೇ? ಮೈನಸ್ 80ರದ್ದು ಕೊಳ್ಳಲೇಬೇಕೇ? ದ್ರವ ಸಾರಜನಕದ ಟ್ಯಾಂಕ್ ಬೇಕೇ? ರಕ್ತದ ಹನಿಯನ್ನು ಫಿಲ್ಟರ್ ಕಾಗದದ ಕಾರ್ಡಿನ ಮೇಲೆ ಒಣಗಿಸಿಟ್ಟರೆ ನಡೆಯುತ್ತದೆಯೇ? ಇಲ್ಲವೇ ಬೆಂಗಳೂರಿನ ಯಾವುದಾದರೂ ಬಯೋಬ್ಯಾಂಕಿಗೆ (ಮಾದರಿಗಳನ್ನು ಕಾಪಿಡುವ ಕೇಂದ್ರಕ್ಕೆ) ಕಳಿಸಿಬಿಡುವುದು ವಾಸಿಯೇ?

ಬಹಳಷ್ಟು ಮಂದಿ ‘ತಣ್ಣಗಿದ್ದಷ್ಟೂ ಒಳ್ಳೆಯದು’ ಎಂಬ ಲೆಕ್ಕದಲ್ಲಿ ಹೊರಟು, ಬಜೆಟ್ ಎಲ್ಲಿಗೆ ಮುಗಿಯುತ್ತದೋ ಅಲ್ಲಿಗೆ ನಿಲ್ಲುತ್ತಾರೆ. ಅದು ತಪ್ಪು ದಾರಿ. ನೀವು ಅಳೆಯಲಿರುವ ವಸ್ತು ಯಾವುದು, ಆ ತಂಪನ್ನು ವರ್ಷಗಟ್ಟಲೆ ಒಂದು ದಿನವೂ ತಪ್ಪದೆ ಕಾಯಲು ನಿಮ್ಮಲ್ಲಿ ಯಾರಿದ್ದಾರೆ ಎಂಬ ಎರಡು ಪ್ರಶ್ನೆಗಳ ಉತ್ತರವೇ ಆಯ್ಕೆಯನ್ನು ತೀರ್ಮಾನಿಸಬೇಕು. ಕಾಯಲಾಗದ ಮೈನಸ್ 80ಕ್ಕಿಂತ ಚೆನ್ನಾಗಿ ಕಾಯ್ದ ಮೈನಸ್ 20 ಮೇಲು.

ಆರಿಸುವ ಮುನ್ನ ಕೇಳಿಕೊಳ್ಳಬೇಕಾದವು

ಮೊದಲನೆಯದು, ಅಳೆಯುವ ವಸ್ತು. ಸಿಆರ್‌ಪಿ (ಉರಿಯೂತ ತೋರುವ ಪ್ರೋಟೀನ್), ಫೆರಿಟಿನ್ (ಕಬ್ಬಿಣ ಕೂಡಿಡುವ ಪ್ರೋಟೀನ್), ಐಜಿಜಿ ಪ್ರತಿಕಾಯ, ವಿಟಮಿನ್ ಡಿ ಇವು ಗಟ್ಟಿ ಪಿಂಡಗಳು. ಸಣ್ಣಪುಟ್ಟ ಏರುಪೇರನ್ನು ತಾಳಿಕೊಳ್ಳುತ್ತವೆ. ಸೈಟೊಕೈನ್‌ಗಳು (ರೋಗನಿರೋಧಕ ಕೋಶಗಳ ಸಂದೇಶ ಪ್ರೋಟೀನ್‌ಗಳು), ಇನ್ಸುಲಿನ್, ಆರ್‌ಎನ್‌ಎ, ಪ್ರೋಟಿಯೋಮಿಕ್ಸ್‌ನಲ್ಲಿ (ಪ್ರೋಟೀನ್‌ಗಳನ್ನು ಒಟ್ಟಾಗಿ ಅಳೆಯುವ ವಿಧಾನದಲ್ಲಿ) ನೋಡುವ ಸಣ್ಣ ಪೆಪ್ಟೈಡ್‌ಗಳು, ಅಂದರೆ ಪ್ರೋಟೀನ್ ತುಣುಕುಗಳು, ಹಾಗಲ್ಲ. ಬದುಕಿರುವ ಕೋಶಗಳೇ ಬೇಕೆಂದರೆ ಅದು ಮತ್ತೊಂದೇ ಲೋಕ.

ಎರಡನೆಯದು, ರೋಗಿಯ ತೋಳಿನಿಂದ ಫ್ರೀಜರ್ ಬಾಗಿಲಿಗೆ ಎಷ್ಟು ಹೊತ್ತು. ಮೈಸೂರಿನ ದೊಡ್ಡಾಸ್ಪತ್ರೆಯ ಒಳರೋಗಿಯಾದರೆ ಹತ್ತು ನಿಮಿಷ. ನಾಗಮಂಗಲದಿಂದ ಮಂಡ್ಯಕ್ಕೋ ಎಚ್.ಡಿ. ಕೋಟೆಯಿಂದ ಮೈಸೂರಿಗೋ ಟ್ಯೂಬ್ ಬರಬೇಕಾದರೆ ರಸ್ತೆಯಲ್ಲೇ ಒಂದು ಗಂಟೆಯಾದರೂ ಹೋಗುತ್ತದೆ, ಬಸ್ಸಿಗೆ ಕಾಯುವ ಹೊತ್ತು ಬೇರೆ. ಮೂರನೆಯದು, ಕರೆಂಟ್ ಹೋದಾಗ ಅಥವಾ ಕಂಪ್ರೆಸರ್ ನಿಂತಾಗ ರಾತ್ರಿ ಎರಡು ಗಂಟೆಗೆ ಫೋನ್ ಎತ್ತಿ ಬರುವವರು ಯಾರು ಎಂಬುದು. ನಾಲ್ಕನೆಯದು ದುಡ್ಡು. ಯಂತ್ರದ ಬೆಲೆ ಅನುದಾನದಲ್ಲಿ ಬರುತ್ತದೆ. ಅನುದಾನ ಮುಗಿದ ಮೇಲಿನ ವಿದ್ಯುತ್ ಬಿಲ್ಲು, ಎಎಂಸಿ (ವಾರ್ಷಿಕ ನಿರ್ವಹಣೆ ಗುತ್ತಿಗೆ), ಸಾರಜನಕದ ಮರುಪೂರಣ ಯಾರ ತಲೆಗೆ ಎಂಬುದನ್ನು ಮೊದಲೇ ಬರೆಸಿಕೊಳ್ಳಿ. ಐದನೆಯದು ಒಪ್ಪಿಗೆ ಪತ್ರ. ಅದರ ಮಾತು ಕೊನೆಗೆ ಬರುತ್ತದೆ, ಕೆಲಸದಲ್ಲಿ ಮಾತ್ರ ಅದೇ ಮೊದಲು ಬರಬೇಕು.

ಫ್ರೀಜರ್‌ಗಿಂತ ಮುಂಚಿನ ಎರಡು ಗಂಟೆ

ಯಾವ ಆಯ್ಕೆ ಮಾಡಿದರೂ ಇದು ತಪ್ಪಿದ್ದಲ್ಲ, ಹೆಚ್ಚಿನ ಮಾದರಿಗಳು ಕೆಡುವುದೂ ಇಲ್ಲಿಯೇ. ಬೇರ್ಪಡಿಸದ ರಕ್ತದಲ್ಲಿ ಕೋಶಗಳು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇಕಡ 5ರಿಂದ 7ರಷ್ಟು ಇಳಿಯುತ್ತದೆ. ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ತದ್ವಿರುದ್ಧವಾಗಿ ಏರುತ್ತದೆ. ಆಮೇಲೆ ದ್ರವ ಸಾರಜನಕದ ಮೈನಸ್ 196ರಲ್ಲಿಟ್ಟರೂ ಆ ನಷ್ಟ ವಾಪಸ್ ಬರುವುದಿಲ್ಲ.

ಸೀರಮ್‌ಗೆ ಕೆಂಪು ಮುಚ್ಚಳದ ಟ್ಯೂಬನ್ನು ನೆಟ್ಟಗೆ ನಿಲ್ಲಿಸಿ, ಕೋಣೆಯ ಉಷ್ಣತೆಯಲ್ಲೇ 30ರಿಂದ 60 ನಿಮಿಷ ಹೆಪ್ಪುಗಟ್ಟಲು ಬಿಡಿ. ಅವಸರಪಟ್ಟರೆ ಸೀರಮ್‌ನಲ್ಲಿ ಫೈಬ್ರಿನ್ ಎಳೆ ಉಳಿದು ಪಿಪೆಟ್ ಕಟ್ಟಿಕೊಳ್ಳುತ್ತದೆ. ತಡ ಮಾಡಿದರೆ ಕೋಶಗಳೊಳಗಿನ ಪೊಟ್ಯಾಸಿಯಂ ಹೊರಕ್ಕೆ ಸೋರುತ್ತದೆ. ಪ್ಲಾಸ್ಮಾಗೆ ನೇರಳೆ ಮುಚ್ಚಳದ ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿ, ಅಲುಗಾಡಿಸಬೇಡಿ. ಪಿಸಿಆರ್ (ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಪರೀಕ್ಷೆ) ಮಾಡುವ ಯೋಚನೆ ಇದ್ದರೆ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಬೇಡ, ಹೆಪಾರಿನ್ ಆ ಕ್ರಿಯೆಯನ್ನೇ ತಡೆಯುತ್ತದೆ. ವಿಇಜಿಎಫ್‌ನಂಥ (ರಕ್ತನಾಳ ಬೆಳೆಸುವ ಪ್ರೋಟೀನ್) ವಸ್ತುವನ್ನು ಅಳೆಯುವವರು ಸೀರಮ್ ಬಿಟ್ಟು ಪ್ಲಾಸ್ಮಾವನ್ನೇ ಆರಿಸಿ; ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಅದನ್ನು ಸುರಿಯುತ್ತವೆ, ಅಳತೆ ರೋಗದ್ದಲ್ಲ, ಟ್ಯೂಬಿನದ್ದಾಗಿಬಿಡುತ್ತದೆ.

ಸೆಂಟ್ರಿಫ್ಯೂಜ್ 1,500ರಿಂದ 2,000 ಜಿ (ಗುರುತ್ವದ ಇಷ್ಟು ಪಟ್ಟು ಬಲ), 10ರಿಂದ 15 ನಿಮಿಷ. ನೋಟ್‌ಬುಕ್ಕಿನಲ್ಲಿ ಆರ್‌ಪಿಎಂ (ನಿಮಿಷಕ್ಕೆ ಸುತ್ತುಗಳ ಸಂಖ್ಯೆ) ಮಾತ್ರ ಬರೆದಿಡುವ ರೂಢಿ ಬಿಡಬೇಕು. ರೋಟರಿನ ತ್ರಿಜ್ಯ 15 ಸೆಂಟಿಮೀಟರ್ ಇದ್ದರೆ 3,000 ಆರ್‌ಪಿಎಂ ಅಂದರೆ ಸುಮಾರು 1,500 ಜಿ. ತ್ರಿಜ್ಯ 10 ಇದ್ದರೆ ಅದೇ ವೇಗ ಬರೀ 1,000 ಜಿ. ಮಂಡ್ಯದಲ್ಲೊಂದು, ಮೈಸೂರಿನಲ್ಲೊಂದು ಯಂತ್ರ ಇಟ್ಟುಕೊಂಡು ಒಂದೇ ಅಧ್ಯಯನ ಮಾಡುವವರು ಇದನ್ನು ಮೊದಲ ದಿನವೇ ಸರಿಪಡಿಸಿಕೊಳ್ಳಬೇಕು. ಕೋಶಮುಕ್ತ ಡಿಎನ್‌ಎ (ಕೋಶಗಳ ಹೊರಗೆ ಪ್ಲಾಸ್ಮಾದಲ್ಲಿ ತೇಲುವ ಡಿಎನ್‌ಎ) ಬೇಕಾದವರು ಎರಡು ಸಲ ತಿರುಗಿಸಬೇಕು: ಮೊದಲು 1,600 ಜಿ, ಬಳಿಕ ಮೇಲಿನ ದ್ರವವನ್ನಷ್ಟೇ ತೆಗೆದು 16,000 ಜಿ, ತಲಾ 10 ನಿಮಿಷ.

ಬೇರ್ಪಡಿಸಿದ್ದನ್ನು ಕಾಲು ಅಥವಾ ಅರ್ಧ ಮಿಲಿಲೀಟರಿನ ಪಾಲುಗಳಾಗಿ ಹಂಚಿ. ಇಡೀ ಎರಡು ಮಿಲಿಲೀಟರ್ ಒಂದೇ ವಯಲ್‌ನಲ್ಲಿದ್ದರೆ ಪ್ರತಿ ಪರೀಕ್ಷೆಗೂ ಎಲ್ಲವನ್ನೂ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಬೇಕಾಗುತ್ತದೆ, ಪ್ರತಿ ಸಲವೂ ಒಂದಿಷ್ಟು ಪ್ರೋಟೀನ್ ಕಳೆದುಹೋಗುತ್ತದೆ. ವಯಲ್ ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ; ನೀರು ಹೆಪ್ಪುಗಟ್ಟಿದಾಗ ಹಿಗ್ಗಿ ಮುಚ್ಚಳ ಸೀಳುತ್ತದೆ. ತಾಲ್ಲೂಕಿನಿಂದ ತರುವಾಗ ಟ್ಯೂಬನ್ನು ಗಡ್ಡೆಕಟ್ಟಿದ ಜೆಲ್ ಪ್ಯಾಕಿಗೆ ನೇರವಾಗಿ ತಾಗಿಸಬಾರದು, ರಕ್ತಕಣ ಒಡೆದು ಪ್ಲಾಸ್ಮಾ ಕೆಂಪಾಗುತ್ತದೆ. ನಡುವೆ ಬಟ್ಟೆ ಸುತ್ತಿ. ಇದಕ್ಕಿಂತ ಒಳ್ಳೆಯ ಉಪಾಯ, ತಾಲ್ಲೂಕು ಆಸ್ಪತ್ರೆಯಲ್ಲೇ ಒಂದು ಸಣ್ಣ ಸೆಂಟ್ರಿಫ್ಯೂಜ್ ಇಟ್ಟು, ಬೇರ್ಪಡಿಸಿದ ಪ್ಲಾಸ್ಮಾವನ್ನು ಮಾತ್ರ ಪೆಟ್ಟಿಗೆಯಲ್ಲಿ ತರುವುದು. ಇನ್ನಷ್ಟು ತಣ್ಣಗಿನ ಫ್ರೀಜರಿಗೆ ಸುರಿಯುವ ದುಡ್ಡಿಗಿಂತ ಈ ಖರ್ಚು ಹೆಚ್ಚು ಫಲ ಕೊಡುತ್ತದೆ.

ಮೈನಸ್ 20ರ ಡೀಪ್ ಫ್ರೀಜರ್

ಎಲ್ಲೆಡೆ ಇದೆ, ಅಗ್ಗ, ಕೆಟ್ಟರೆ ಊರಿನ ಮೆಕ್ಯಾನಿಕ್ಕೇ ರಿಪೇರಿ ಮಾಡುತ್ತಾನೆ. ತೆಗೆದಿಟ್ಟ ಡಿಎನ್‌ಎಗೆ ಇದು ಧಾರಾಳ ಸಾಕು. ಫೆರಿಟಿನ್, ಸಿಆರ್‌ಪಿ, ಪ್ರತಿಕಾಯಗಳ ಮಟ್ಟವನ್ನು ಒಂದೆರಡು ವರ್ಷದೊಳಗೆ ಅಳೆದು ಮುಗಿಸುವ ಎಂಡಿ ಪ್ರಬಂಧಕ್ಕೂ ಸಾಮಾನ್ಯವಾಗಿ ಸಾಕು.

ಅದರ ಮಿತಿ ರಸಾಯನದಲ್ಲೇ ಇದೆ. ಉಪ್ಪುನೀರು ಪೂರ್ತಿ ಗಟ್ಟಿಯಾಗುವುದು ಮೈನಸ್ 21 ಡಿಗ್ರಿಯ ಕೆಳಗೆ. ಹಾಗಾಗಿ ಮೈನಸ್ 20ರಲ್ಲಿ ಗಡ್ಡೆಯಂತೆ ಕಾಣುವ ಸೀರಮ್‌ನ ಒಳಗೆ ಸಾಂದ್ರ ಉಪ್ಪುದ್ರವ ಇನ್ನೂ ಉಳಿದಿರುತ್ತದೆ, ಅದರಲ್ಲಿ ಕಿಣ್ವಗಳು ನಿಧಾನವಾಗಿ ಕತ್ತರಿಸುವ ಕೆಲಸ ಮುಂದುವರಿಸುತ್ತವೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯ ಸೂಚಕವೆಂದು ಒಮ್ಮೆ ಹೇಳಲಾಗಿದ್ದ, ಬೆನ್ನುಹುರಿ ದ್ರವದಲ್ಲಿನ ಸಿಸ್ಟಾಟಿನ್ ಸಿ ಎಂಬ ಪ್ರೋಟೀನಿನ ತುಂಡು, ಮೈನಸ್ 20ರಲ್ಲಿ ಇಟ್ಟಿದ್ದರಿಂದ ಉಂಟಾದ ಕತ್ತರಿಕೆ ಎಂದು ಬಳಿಕ ತಿಳಿದುಬಂತು. ರೋಗದ ಗುರುತೆಂದು ಹಿಡಿದದ್ದು ಫ್ರೀಜರಿನ ಗುರುತಾಗಿತ್ತು. ಬೆನ್ನುಹುರಿ ದ್ರವ, ಪೆಪ್ಟೈಡ್, ಸೈಟೊಕೈನ್ ಇವಕ್ಕೆ ಮೈನಸ್ 20ನ್ನು ಬಳಸಲೇಬೇಡಿ ಎನ್ನುವುದು ಇದಕ್ಕಾಗಿ.

ಮನೆಬಳಕೆಯ ‘ಫ್ರಾಸ್ಟ್ ಫ್ರೀ’ ಫ್ರಿಜ್ಜಿನ ಫ್ರೀಜರ್ ಇನ್ನೂ ಅಪಾಯ. ಅದು ಮಂಜು ಕರಗಿಸಲು ಆಗಾಗ ತಾನೇ ಬೆಚ್ಚಗಾಗುತ್ತದೆ, ನಿಮ್ಮ ವಯಲ್‌ಗಳು ನಿಮಗೆ ತಿಳಿಯದೆಯೇ ಕರಗಿ ಹೆಪ್ಪುಗಟ್ಟುತ್ತಿರುತ್ತವೆ. ಕೈಯಿಂದ ಮಂಜು ಕೆರೆಯುವ, ಮೇಲೆ ಬಾಗಿಲಿರುವ ಪೆಟ್ಟಿಗೆ ಫ್ರೀಜರ್ ತೆಗೆದುಕೊಳ್ಳಿ. ತೆರೆದಾಗ ತಂಪು ಕೆಳಗೇ ಉಳಿಯುತ್ತದೆ.

ಮೈನಸ್ 80ರ ಫ್ರೀಜರ್

ಹಲವು ವರ್ಷ ನಡೆಯುವ, ಮುಂದೆ ಏನೇನು ಅಳೆಯಬೇಕಾದೀತೋ ಎಂದು ಈಗಲೇ ಹೇಳಲಾಗದ ಅಧ್ಯಯನಗಳಿಗೆ ಇದೇ ನಡುಗಂಬ. ಜಾಗದ ಲೆಕ್ಕ ಹಾಕಿ ನೋಡಿ: 500 ರೋಗಿಗಳು, ತಲಾ 8 ಪಾಲು, ಒಟ್ಟು 4,000 ವಯಲ್, 81 ಮನೆಗಳ ಪೆಟ್ಟಿಗೆಯಾದರೆ 50 ಪೆಟ್ಟಿಗೆ. ನೂರಾರು ಪೆಟ್ಟಿಗೆ ಹಿಡಿಸುವ 500 ಲೀಟರಿನ ನಿಲುವು ಫ್ರೀಜರ್ ಒಂದೇ ಅಧ್ಯಯನಕ್ಕೆ ಬೇಕಾಗಿಯೇ ಇಲ್ಲ. ಎರಡು ಮೂರು ವಿಭಾಗಗಳು ಸೇರಿ ಒಂದನ್ನು ಕೊಂಡು, ಉಳಿದ ದುಡ್ಡನ್ನು ಅಲಾರಂ, ಸ್ಟೆಬಿಲೈಸರ್, ಎಎಂಸಿಗೆ ಇಡುವುದು ಜಾಣತನ.

ಇಂಥ ಯಂತ್ರ ದಿನಕ್ಕೆ ಸುಮಾರು 8ರಿಂದ 20 ಯೂನಿಟ್ ಎಳೆಯುತ್ತದೆ, ಹೊಸ ಮಾದರಿಗಳು ಕಡಿಮೆ, ಹಳೆಯವು ಹೆಚ್ಚು. 12 ಯೂನಿಟ್ ಎಂದಿಟ್ಟುಕೊಂಡರೆ ವರ್ಷಕ್ಕೆ 4,380 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ 35,000 ರೂಪಾಯಿ. ಅದು ಹೊರಹಾಕುವ ಬಿಸಿಯನ್ನು ಕೋಣೆಯಿಂದ ತೆಗೆಯುವ ಎಸಿ ಖರ್ಚು ಬೇರೆ. ಎಸಿ ಐಷಾರಾಮವಲ್ಲ. ಇವು ಎರಡು ಹಂತದ ಕಂಪ್ರೆಸರ್‌ಗಳು, ಬಹುತೇಕ ತಯಾರಕರು 32 ಡಿಗ್ರಿಯೊಳಗಿನ ಕೋಣೆಗೆಂದು ಮಾಡಿರುತ್ತಾರೆ. ಏಪ್ರಿಲ್‌ನಲ್ಲಿ ಮಂಡ್ಯದ ಮಧ್ಯಾಹ್ನ ಆ ಗಡಿ ದಾಟುತ್ತದೆ. ಹಿಂದೆ ಗೋಡೆಯಿಂದ ಒಂದು ಗೇಣು ಜಾಗ ಬಿಡಿ, ಕಂಡೆನ್ಸರಿನ ಫಿಲ್ಟರನ್ನು ತಿಂಗಳಿಗೊಮ್ಮೆ ತೆಗೆದು ಧೂಳು ಕೊಡವಿ. ಫಿಲ್ಟರ್ ಕಟ್ಟಿಕೊಂಡು ಕಂಪ್ರೆಸರ್ ಸುಡುವುದೇ ಈ ಯಂತ್ರಗಳ ಮಾಮೂಲು ಸಾವು. ತಯಾರಕರ ಒಪ್ಪಿಗೆ ಇದ್ದು ನಿಮ್ಮ ಮಾದರಿಗೆ ಸಲ್ಲುವುದಾದರೆ ಮೈನಸ್ 70ಕ್ಕೆ ಇಟ್ಟುಕೊಳ್ಳಬಹುದು. ವಿದ್ಯುತ್ತು ಗಣನೀಯವಾಗಿ ಉಳಿಯುತ್ತದೆ, ಯಂತ್ರದ ಮೇಲಿನ ಹೊರೆಯೂ ಇಳಿಯುತ್ತದೆ.

ಕರೆಂಟಿನ ಬಗ್ಗೆ ಎಲ್ಲರೂ ಹೆದರುತ್ತಾರೆ, ಆದರೆ ಕರೆಂಟ್ ಹೋಗುವುದಕ್ಕಿಂತ ಅದು ವಾಪಸ್ ಬರುವ ಕ್ಷಣ ಕೆಟ್ಟದ್ದು. ವೋಲ್ಟೇಜ್ ಜಿಗಿಯುತ್ತದೆ, ಒತ್ತಡ ಇಳಿಯದ ಕಂಪ್ರೆಸರ್ ಒಮ್ಮೆಲೇ ಎದ್ದೇಳಲು ಹೋಗಿ ಕೆಡುತ್ತದೆ. ಮೂರರಿಂದ ಐದು ನಿಮಿಷ ತಡೆದು ಚಾಲೂ ಮಾಡುವ ಸರ್ವೋ ಸ್ಟೆಬಿಲೈಸರ್ ಹಾಕಿಸಿ. ಆಸ್ಪತ್ರೆಯ ಜನರೇಟರ್ ಲೈನ್ ಆ ಪ್ಲಗ್ ಪಾಯಿಂಟಿಗೆ ಇದೆಯೋ ಇಲ್ಲವೋ ಎಂಬುದನ್ನು ಎಲೆಕ್ಟ್ರಿಷಿಯನ್ ಮಾತಿನಿಂದಲ್ಲ, ಮೇನ್ ಆಫ್ ಮಾಡಿಸಿ ನೋಡಿ ಖಚಿತ ಮಾಡಿಕೊಳ್ಳಿ. ಐಸಿಯು ಲೈನಿಗೆ ಜನರೇಟರ್ ಇದ್ದು, ಸಂಶೋಧನಾ ಕೋಣೆಯ ಲೈನಿಗೆ ಇಲ್ಲದಿರುವುದು ಉಂಟು. ಕರೆಂಟ್ ಹೋದಾಗ ಬಾಗಿಲು ತೆರೆಯದೇ ಇದ್ದರೆ ತುಂಬಿದ ಫ್ರೀಜರ್ ಮೈನಸ್ 50ಕ್ಕೆ ಏರಲು ಕೆಲವು ಗಂಟೆ ತೆಗೆದುಕೊಳ್ಳುತ್ತದೆ, ಖಾಲಿ ಫ್ರೀಜರ್ ಬೇಗ ಏರುತ್ತದೆ. ಆದ್ದರಿಂದ ಖಾಲಿ ಅರೆಗಳಲ್ಲಿ ಮುಕ್ಕಾಲು ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಗಳನ್ನು ಒಂದೊಂದಾಗಿ ಸೇರಿಸುತ್ತ ಬನ್ನಿ. ಎಲ್ಲವನ್ನೂ ಒಂದೇ ದಿನ ಇಟ್ಟರೆ ಒಳಗಿನ ವಯಲ್‌ಗಳು ಬೆಚ್ಚಗಾಗುತ್ತವೆ.

ಫ್ರೀಜರಿನ ಮುಂದೆ ಕಾಣುವ ಅಂಕಿಯನ್ನು ನಂಬಿ ಕೂರಬೇಡಿ. ಪ್ರತ್ಯೇಕ ಬ್ಯಾಟರಿ, ಪ್ರತ್ಯೇಕ ಪ್ರೋಬ್ ಇರುವ ಡೇಟಾ ಲಾಗರ್ ಬೇಕು, ಮೈನಸ್ 65 ದಾಟಿದರೆ ಸಿಮ್ ಮೂಲಕ ಕನಿಷ್ಠ ಮೂವರಿಗೆ ಕರೆ ಹೋಗುವಂತಿರಬೇಕು. ಮೂವರೂ ದಸರಾ ರಜೆಗೆ ಒಟ್ಟಿಗೆ ಊರಿಗೆ ಹೋಗುವಂತಿಲ್ಲ. ಜೊತೆಗೆ, ಯಂತ್ರ ನಿಂತರೆ ಪೆಟ್ಟಿಗೆಗಳನ್ನು ಎಲ್ಲಿಗೆ ಒಯ್ಯುವುದು ಎಂದು ಪಕ್ಕದ ವಿಭಾಗದೊಂದಿಗೆ ಲಿಖಿತ ಒಪ್ಪಂದ ಇರಲಿ, ಅಲ್ಲಿ ಒಂದು ಅರೆ ನಿಮಗಾಗಿ ಖಾಲಿ ಇರಲಿ. ಸಾಧ್ಯವಾದರೆ ಪ್ರತಿ ರೋಗಿಯ ಪಾಲುಗಳನ್ನು ಎರಡು ಫ್ರೀಜರುಗಳಿಗೆ ಹಂಚಿ.

ದ್ರವ ಸಾರಜನಕ

ಮಂಡ್ಯ ಸೀಮೆಯವರಿಗೆ ಇದು ಹೊಸತಲ್ಲ. ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ಪಶು ಆಸ್ಪತ್ರೆಗಳಲ್ಲಿ ಇದೇ ಕ್ಯಾನಿನಲ್ಲಿ ಇಡುತ್ತಾರೆ. ಕರೆಂಟೇ ಬೇಡ ಎಂಬುದು ಇದರ ದೊಡ್ಡ ಗುಣ. ಬಿಳಿರಕ್ತಕಣಗಳನ್ನು ಬದುಕಿಸಿಟ್ಟು ಮುಂದೊಂದು ದಿನ ಪರೀಕ್ಷಿಸಬೇಕೆಂದರೆ ಇದೇ ಮುಖ್ಯ ದಾರಿ. ಸುಮಾರು ಮೈನಸ್ 135ರ ಕೆಳಗೆ ನೀರಿನ ಅಣುಗಳ ಚಲನೆ ನಿಂತಂತೆಯೇ; ಮೈನಸ್ 80ರಲ್ಲಿ ಕೋಶಗಳು ತಿಂಗಳು ಕಳೆದಂತೆ ಸಾಯುತ್ತ ಹೋಗುತ್ತವೆ. ಕೋಶಗಳನ್ನು ಶೇಕಡ 10ರ ಡಿಎಂಎಸ್‌ಒ (ಮಂಜಿನ ಹರಳುಗಳಿಂದ ಕೋಶವನ್ನು ಕಾಯುವ ರಾಸಾಯನಿಕ) ಇರುವ ದ್ರವದಲ್ಲಿ ಬೆರೆಸಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ಇಳಿಸುವ ಐಸೊಪ್ರೊಪನಾಲ್ ಡಬ್ಬದಲ್ಲಿ ರಾತ್ರಿಯಿಡೀ ಮೈನಸ್ 80ರಲ್ಲಿಟ್ಟು, ಮರುದಿನವೇ ಟ್ಯಾಂಕಿಗೆ ಸೇರಿಸಬೇಕು. ಅಂದರೆ ಸಾರಜನಕಕ್ಕೆ ಹೋದರೂ ಮೈನಸ್ 80ರಿಂದ ಬಿಡುಗಡೆ ಇಲ್ಲ.

ವಯಲ್‌ಗಳನ್ನು ದ್ರವದೊಳಗೆ ಮುಳುಗಿಸಬೇಡಿ, ಮೇಲಿನ ಆವಿಯಲ್ಲಿ ತೂಗಿಬಿಡಿ. ಮುಳುಗಿದ ವಯಲ್‌ನೊಳಕ್ಕೆ ದ್ರವ ನುಸುಳಿದರೆ ಹೊರತೆಗೆದಾಗ ಸಿಡಿಯುತ್ತದೆ. ಒಂದು ಮಾದರಿಯ ವೈರಸ್ ದ್ರವದ ಮೂಲಕ ಇನ್ನೊಂದಕ್ಕೆ ಹೋಗುವುದೂ ಉಂಟು. 1995ರಲ್ಲಿ ಪ್ರಕಟವಾದ ಲಂಡನ್ನಿನ ಪ್ರಕರಣದಲ್ಲಿ ಹೆಪಟೈಟಿಸ್ ಬಿ ಹೀಗೆ ಹರಡಿತ್ತು. ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. ಮೂರು ಮೀಟರ್ ಉದ್ದಗಲ ಎತ್ತರದ ಕೋಣೆಯ ಗಾಳಿ 27 ಘನ ಮೀಟರ್. 30 ಲೀಟರ್ ಚೆಲ್ಲಿದರೆ 21 ಘನ ಮೀಟರ್ ಸಾರಜನಕ. ವಾಸನೆ ಇಲ್ಲ, ಉಸಿರು ಕಟ್ಟಿದ ಅರಿವೂ ಆಗದೆ ಮನುಷ್ಯ ಬಿದ್ದುಬಿಡುತ್ತಾನೆ. ಆಮ್ಲಜನಕ ಶೇಕಡ 19.5ಕ್ಕೆ ಇಳಿದರೆ ಕೂಗುವ ಮೀಟರ್ ಇಲ್ಲದ ಕೋಣೆಯಲ್ಲಿ ಟ್ಯಾಂಕ್ ಇಡಬೇಡಿ, ಲಿಫ್ಟಿನಲ್ಲಿ ಕ್ಯಾನಿನ ಜೊತೆ ಯಾರೂ ಹೋಗಬೇಡಿ. ವಾರಕ್ಕೆ ಎರಡು ಸಲ ಅಳತೆ ಕಡ್ಡಿ ಇಳಿಸಿ ದ್ರವದ ಮಟ್ಟ ಬರೆದಿಡಿ. ಜಂಬೂ ಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯ ಸುತ್ತ ವಾಹನ ಬಿಡುವುದಿಲ್ಲ, ಪೂರೈಕೆದಾರನ ವ್ಯಾನ್ ಅದಕ್ಕೂ ಮೊದಲೇ ಬಂದು ಹೋಗುವಂತೆ ನೋಡಿಕೊಳ್ಳಿ. ಕೋಶಗಳ ಕೆಲಸ ಇಲ್ಲದವರು ಈ ಗೊಡವೆಗೇ ಹೋಗಬಾರದು.

ಒಣ ಕಾರ್ಡು, ಮೇಣದ ಬ್ಲಾಕು

ಎಚ್.ಡಿ. ಕೋಟೆಯ ಹಾಡಿಗಳಲ್ಲಿ, ದೂರದ ಹಳ್ಳಿಗಳಲ್ಲಿ ಮಾದರಿ ತೆಗೆಯುವವರಿಗೆ ಫಿಲ್ಟರ್ ಕಾರ್ಡು ವರದಾನ. ಬೆರಳ ತುದಿಯ ರಕ್ತದ ಒಂದು ದೊಡ್ಡ ಹನಿ, 50ರಿಂದ 70 ಮೈಕ್ರೊಲೀಟರ್, ವೃತ್ತದೊಳಗೆ ಒಂದೇ ಸಲಕ್ಕೆ ಬೀಳಬೇಕು. ಹನಿಯ ಮೇಲೆ ಹನಿ ಹಾಕಿದರೆ ಅಳತೆ ಕೆಡುತ್ತದೆ. ನೆರಳಿನಲ್ಲಿ, ಅಡ್ಡಲಾಗಿ, ಕನಿಷ್ಠ ಮೂರು ನಾಲ್ಕು ಗಂಟೆ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಜಿಪ್ ಚೀಲಕ್ಕೆ ಹಾಕಿ. ಮಳೆಗಾಲದಲ್ಲಿ ತೇವವೇ ಶತ್ರು. ಜೆಲ್ ಬಣ್ಣ ಬದಲಾಯಿಸಿದ ಕೂಡಲೇ ಪೊಟ್ಟಣ ಬದಲಿಸಿ. ಡಿಎನ್‌ಎಗೆ, ಕೆಲವು ಅಮೈನೋ ಆಮ್ಲಗಳಿಗೆ, ಪ್ರತಿಕಾಯಗಳಿಗೆ ಒಳ್ಳೆಯದು. ಆದರೆ 3.2 ಮಿಲಿಮೀಟರಿನ ಒಂದು ತೂತಿನಲ್ಲಿ ಸಿಗುವುದು ಸುಮಾರು ಮೂರು ಮೈಕ್ರೊಲೀಟರ್ ರಕ್ತ ಮಾತ್ರ. ರಕ್ತಹೀನತೆ ಇರುವವರ ತೆಳು ರಕ್ತ ಕಾಗದದಲ್ಲಿ ಹೆಚ್ಚು ಹರಡಿ ಲೆಕ್ಕ ತಪ್ಪಿಸುತ್ತದೆ, ನಮ್ಮ ಹಳ್ಳಿಗಳ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯವಾದ್ದರಿಂದ ಇದನ್ನು ಮರೆಯುವಂತಿಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗೆ ಪೆಥಾಲಜಿ ವಿಭಾಗದ ಮೇಣದ ಬ್ಲಾಕುಗಳೇ (ಫಾರ್ಮಲಿನ್‌ನಲ್ಲಿಟ್ಟ ಬಳಿಕ ಅಂಗಾಂಶವನ್ನು ಹುದುಗಿಸಿದ ಮೇಣದ ತುಂಡುಗಳೇ) ಅತ್ಯಂತ ಅಗ್ಗದ ಬಯೋಬ್ಯಾಂಕ್. ತೆಗೆದ ಒಂದು ಗಂಟೆಯೊಳಗೆ, ಅಂಗಾಂಶದ ಹತ್ತು ಪಟ್ಟು ಗಾತ್ರದ ತಟಸ್ಥ ಫಾರ್ಮಲಿನ್‌ನಲ್ಲಿ 6ರಿಂದ 72 ಗಂಟೆ ಇರಲಿ. ಬ್ಲಾಕನ್ನೇ ಇಡಿ, ಸ್ಲೈಡ್ ಕತ್ತರಿಸಿ ಇಡಬೇಡಿ. ಗಾಳಿಗೆ ತೆರೆದ ತೆಳು ಸೀಳಿನಲ್ಲಿ ಪ್ರೋಟೀನ್ ಗುರುತು ಮಾಸುತ್ತದೆ. ಆರ್‌ಎನ್‌ಎ ಬೇಕಾದರೆ ಮಾತ್ರ ಅರ್ಧ ಸೆಂಟಿಮೀಟರಿಗಿಂತ ತೆಳುವಾದ ತುಣುಕನ್ನು ಬೇರೆಯಾಗಿ ಆರ್‌ಎನ್‌ಎ ರಕ್ಷಕ ದ್ರವದಲ್ಲಿ ಹಾಕಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು ಆಮೇಲೆ ಫ್ರೀಜರಿಗೆ ಸೇರಿಸಿ.

ಬೇರೆಯವರ ಬಯೋಬ್ಯಾಂಕಿಗೆ ಕಳಿಸುವುದು

ಕಾಯುವ ಜನ ಇಲ್ಲದಿದ್ದರೆ ಇದು ಗೌರವದ ದಾರಿಯೇ ಹೊರತು ಸೋಲಲ್ಲ. ಕಳಿಸುವಾಗ ಸುತ್ತ ತುಂಬುವ ಒಣಮಂಜು (ಗಟ್ಟಿ ಇಂಗಾಲದ ಡೈಆಕ್ಸೈಡ್) ಮೈನಸ್ 78.5 ಡಿಗ್ರಿ ಇರುತ್ತದೆ. ಥರ್ಮೋಕೋಲ್ ಪೆಟ್ಟಿಗೆಯನ್ನು ಗಾಳಿಯಾಡದಂತೆ ಟೇಪು ಸುತ್ತಿದರೆ ಅನಿಲ ಹಿಗ್ಗಿ ಒಡೆಯುತ್ತದೆ. ಪೆಟ್ಟಿಗೆಯ ಮೇಲೆ ಯುಎನ್ 3373 (ಜೈವಿಕ ಮಾದರಿ), ಯುಎನ್ 1845 (ಒಣಮಂಜು) ಗುರುತುಗಳಿರಬೇಕು. ವಸ್ತು ವರ್ಗಾವಣೆ ಒಪ್ಪಂದದಲ್ಲಿ ಮೂರು ಸಾಲು ತಪ್ಪದೆ ಬರೆಸಿ: ಮಾದರಿ ವಾಪಸ್ ಬೇಕೆಂದಾಗ ಎಷ್ಟು ದಿನದಲ್ಲಿ ಕೊಡುತ್ತಾರೆ, ಬೇರೆಯವರಿಗೆ ಕೊಡುವ ಮುನ್ನ ಯಾರನ್ನು ಕೇಳುತ್ತಾರೆ, ರೋಗಿ ಹಿಂದೆ ಸರಿದರೆ ಏನು ಮಾಡುತ್ತಾರೆ. ಎಲ್ಲ ಪಾಲುಗಳನ್ನೂ ಒಂದೇ ಸಲ ಕಳಿಸಬೇಡಿ.

ಯಾರಿಗೆ ಯಾವುದು

ನೂರು ರೋಗಿಗಳ ಎಂಡಿ ಪ್ರಬಂಧ, ಗಟ್ಟಿ ಪ್ರೋಟೀನ್, ಒಂದೂವರೆ ವರ್ಷ ಎಂದಾದರೆ ಇರುವ ಮೈನಸ್ 20ನ್ನೇ ಲಾಗರ್ ಹಾಕಿ ಬಳಸಿ, ಸೈಟೊಕೈನ್‌ಗಳಿದ್ದರೆ ಇನ್ನೊಂದು ವಿಭಾಗದ ಮೈನಸ್ 80ರಲ್ಲಿ ಎರಡು ಪೆಟ್ಟಿಗೆ ಜಾಗ ಕೇಳಿ ಪಡೆಯಿರಿ. ಐದಾರು ವರ್ಷ ರೋಗಿಗಳನ್ನು ಹಿಂಬಾಲಿಸುವ ತಂಡಕ್ಕೆ ಹಂಚಿಕೊಂಡ ಮೈನಸ್ 80, ಜೊತೆಗೆ ಡಿಎನ್‌ಎಗೆ ಮೈನಸ್ 20. ಹಳ್ಳಿಯ ಸಮೀಕ್ಷೆಗೆ ಕಾರ್ಡು, ಪಕ್ಕದಲ್ಲೇ ಸೆಂಟ್ರಿಫ್ಯೂಜ್ ಇದ್ದರೆ ಪ್ಲಾಸ್ಮಾ. ರೋಗನಿರೋಧಕ ಕೋಶಗಳ ಕೆಲಸಕ್ಕೆ ಮಾತ್ರ ಸಾರಜನಕ.

ಯಾವುದನ್ನೇ ಆರಿಸಿದರೂ ಒಂದು ಬಲೆ ಕಾದಿರುತ್ತದೆ. ರೋಗಿಗಳ ಸೀರಮ್ ಎರಡು ವರ್ಷ ಹಳೆಯದು, ಹೋಲಿಕೆಗೆ ತಂದ ಆರೋಗ್ಯವಂತರದ್ದು ಹೋದ ತಿಂಗಳದ್ದು ಎಂದಾದರೆ ನೀವು ಕಾಣುವ ವ್ಯತ್ಯಾಸ ರೋಗದ್ದೋ ಫ್ರೀಜರಿನದ್ದೋ ಎಂದು ಯಾವ ಅಂಕಿಅಂಶ ತಜ್ಞರೂ ಬಿಡಿಸಲಾರರು. ಇಬ್ಬರಿಂದಲೂ ಒಂದೇ ಅವಧಿಯಲ್ಲಿ ಸಂಗ್ರಹಿಸಿ, ಒಂದೇ ಅರೆಯಲ್ಲಿ ಬೆರೆಸಿಡಿ, ಒಂದೇ ಬ್ಯಾಚಿನ ಕಿಟ್‌ನಲ್ಲಿ ಅಳೆಯಿರಿ. ವಯಲ್ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದದ್ದು ಸ್ಪಿರಿಟ್ ತಾಗಿದರೆ ಅಳಿಸಿಹೋಗುತ್ತದೆ. ಶೈತ್ಯ ತಾಳುವ ಅಂಟಿನ ಮುದ್ರಿತ ಲೇಬಲ್ ಹಚ್ಚಿ, ಹೆಪ್ಪುಗಟ್ಟಿಸುವ ಮೊದಲೇ ಹಚ್ಚಿ. ಹೆಸರು, ಆಸ್ಪತ್ರೆಯ ಎಂಆರ್‌ಡಿ (ವೈದ್ಯಕೀಯ ದಾಖಲೆ) ಸಂಖ್ಯೆ ಬೇಡ, ಸಂಕೇತ ಮಾತ್ರ ಇರಲಿ, ಸಂಕೇತದ ಪಟ್ಟಿ ಬೇರೆ ಕಡೆ ಬೀಗದಲ್ಲಿರಲಿ.

ಒಪ್ಪಿಗೆಯ ಮಾತು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯಲ್ಲಿ ಬಯೋಬ್ಯಾಂಕಿಗೇ ಪ್ರತ್ಯೇಕ ಅಧ್ಯಾಯವಿದೆ. ‘ಈ ಅಧ್ಯಯನಕ್ಕೆ ಮಾತ್ರ’, ‘ಮುಂದೆ ಇದೇ ಕಾಯಿಲೆಯ ಸಂಶೋಧನೆಗೂ’, ‘ಬೇರೆ ಸಂಶೋಧನೆಗೂ’ ಎಂದು ಹಂತಹಂತವಾಗಿ ಟಿಕ್ ಹಾಕುವಂಥ ಪತ್ರವನ್ನು ಮನೆಮಾತಿನ ಕನ್ನಡದಲ್ಲಿ ಮಾಡಿಸಿ. ಓದು ಬಾರದವರಿಗೆ ತಂಡಕ್ಕೆ ಸೇರದ ಸಾಕ್ಷಿಯ ಎದುರು ಓದಿ ಹೇಳಿ ಹೆಬ್ಬೆಟ್ಟು ಪಡೆಯಿರಿ. ಹಾಡಿಯ ಯಜಮಾನ ಒಪ್ಪಿದರೂ ಪ್ರತಿಯೊಬ್ಬರ ಒಪ್ಪಿಗೆ ಬೇರೆಯಾಗಿಯೇ ಬೇಕು. ‘ಈ ಅಧ್ಯಯನಕ್ಕೆ ಮಾತ್ರ’ ಎಂದವರ ವಯಲ್‌ಗೆ ಬೇರೆ ಬಣ್ಣದ ಮುಚ್ಚಳ ಹಾಕಿ, ಐದು ವರ್ಷದ ಮೇಲೆ ಪೆಟ್ಟಿಗೆ ತೆರೆದವರಿಗೂ ಅದು ಕಣ್ಣಿಗೆ ಬೀಳಲಿ. ಸ್ನಾತಕೋತ್ತರ ವಿದ್ಯಾರ್ಥಿ ಮೂರು ವರ್ಷಕ್ಕೆ ಹೋಗುತ್ತಾರೆ, ಪ್ರಾಧ್ಯಾಪಕರಿಗೆ ವರ್ಗಾವಣೆಯಾಗುತ್ತದೆ. ಆದ್ದರಿಂದ ಪ್ರತಿ ಪೆಟ್ಟಿಗೆಯ ಎದುರು ರಿಜಿಸ್ಟರಿನಲ್ಲಿ ಈಗಿನ ಜವಾಬ್ದಾರರ ಹುದ್ದೆ, ಅವರ ನಂತರದ ಹುದ್ದೆ, ಇಟ್ಟುಕೊಳ್ಳುವ ಕೊನೆಯ ದಿನಾಂಕ ಬರೆದಿರಲಿ. ಆ ದಿನ ಬಂದಾಗ ನೈತಿಕ ಸಮಿತಿಗೆ ತಿಳಿಸಿ ಅವಧಿ ವಿಸ್ತರಿಸಿಕೊಳ್ಳಿ, ಇಲ್ಲವೇ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ವಿಲೇವಾರಿ ಮಾಡಿ, ವಯಲ್ ಸಂಖ್ಯೆ ಸಹಿತ ದಾಖಲಿಸಿ.